ನವಜಾತ ಶಿಶುಗಳ ನಂಜು: ಒಡಿಶಾದ ಪ್ರಯೋಗ ನಮ್ಮ ಜಿಲ್ಲೆಗಳಲ್ಲೂ ನಡೆಯಲಿ

ಮಾನ್ಯ ಸಂಪಾದಕರೇ,

‘ಒಳ್ಳೆಯ ಬ್ಯಾಕ್ಟೀರಿಯಾ’ಗಳ ಸೇವನೆಯಿಂದ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಬಗ್ಗೆ ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಓದಿದೆ. ಕರುಳಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳಿಗೂ ಸೋಂಕನ್ನು ಎದುರಿಸುವ ನಮ್ಮ ದೇಹದ ಶಕ್ತಿಗೂ ಗಾಢವಾದ ನಂಟಿದೆ ಎಂಬ ಅದರ ಮೂಲ ಮಾತಿನಲ್ಲಿ ತಪ್ಪಿಲ್ಲ. ಆದರೆ ಲೇಖನವು ಮನೆಯ ಮೊಸರು, ಇಡ್ಲಿ, ಔಷಧ ಅಂಗಡಿಯ ಪುಡಿ, ಬಾಟಲಿಯ ಸಿಹಿ ಪಾನೀಯ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಹಸುಗೂಸಿನಿಂದ ಹಿಡಿದು ವೃದ್ಧರವರೆಗೆ ಯಾರು ಬೇಕಾದರೂ ನಿಶ್ಚಿಂತೆಯಿಂದ ಸೇವಿಸಬಹುದು ಎಂದುಬಿಟ್ಟಿದೆ. ಕಾಲೇಜಿನಲ್ಲಿ ಬಹುಕಾಲ ಸೂಕ್ಷ್ಮಜೀವಶಾಸ್ತ್ರವನ್ನು ಕಲಿಸಿದವಳಾಗಿ ಈ ಮಾತಿಗೆ ನನ್ನ ಆಕ್ಷೇಪವಿದೆ. ಅದಕ್ಕಿಂತ ಹೆಚ್ಚಾಗಿ, ಈ ವಿಷಯದಲ್ಲಿ ಜಗತ್ತೇ ತಿರುಗಿ ನೋಡಿದ ಒಂದು ಅಧ್ಯಯನ ನಮ್ಮ ದೇಶದಲ್ಲಿಯೇ ನಡೆದಿರುವಾಗ ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲದಿರುವುದು ನನಗೆ ಬೇಸರ ತಂದಿದೆ.

ಆ ಅಧ್ಯಯನ ನಡೆದದ್ದು ಒಡಿಶಾದ ಹಳ್ಳಿಗಳಲ್ಲಿ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿದ್ದ ಮಕ್ಕಳ ತಜ್ಞ ಡಾ. ಪಿನಾಕಿ ಪಾಣಿಗ್ರಾಹಿ ಅವರೂ ಭುವನೇಶ್ವರದ ಅವರ ಸಹೋದ್ಯೋಗಿಗಳೂ 149 ಹಳ್ಳಿಗಳ 4,556 ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಶಿಶುಗಳಿಗೆ, ಹುಟ್ಟಿ ಎರಡರಿಂದ ನಾಲ್ಕು ದಿನ ಕಳೆದ ಮೇಲೆ, ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾವನ್ನು ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯೊಂದಿಗೆ ಬೆರೆಸಿ ದಿನಕ್ಕೊಮ್ಮೆಯಂತೆ ಏಳು ದಿನ ಬಾಯಿಯ ಮೂಲಕ ಕೊಟ್ಟರು; ಇನ್ನೊಂದು ಗುಂಪಿಗೆ ನೋಡಲು ಹಾಗೆಯೇ ಇರುವ, ಬ್ಯಾಕ್ಟೀರಿಯಾ ಇಲ್ಲದ ಪುಡಿಯನ್ನು ಕೊಟ್ಟರು. ಯಾವ ಮಗುವಿಗೆ ಯಾವುದು ಸಿಕ್ಕಿದೆ ಎಂಬುದು ತಾಯಿಗಾಗಲಿ ಕೊಟ್ಟವರಿಗಾಗಲಿ ತಿಳಿದಿರಲಿಲ್ಲ. 60 ದಿನಗಳವರೆಗೆ ಶಿಶುಗಳ ಮೇಲೆ ನಿಗಾ ಇಡಲಾಯಿತು. ಹುಸಿ ಪುಡಿ ಪಡೆದ ಶಿಶುಗಳಲ್ಲಿ 9% ನಂಜಿಗೆ, ಎಂದರೆ ರಕ್ತಕ್ಕೆ ಹರಡುವ ಸೋಂಕಿಗೆ, ತುತ್ತಾದವು ಅಥವಾ ಸಾವಿಗೀಡಾದವು. ಬ್ಯಾಕ್ಟೀರಿಯಾ ಪಡೆದ ಗುಂಪಿನಲ್ಲಿ ಈ ಪ್ರಮಾಣ 5.4%ಕ್ಕೆ ಇಳಿದಿತ್ತು. ಎಂದರೆ ಹತ್ತರಲ್ಲಿ ನಾಲ್ಕರಷ್ಟು ಇಳಿಕೆ. ಇನ್ನೂ ಅಚ್ಚರಿಯೆಂದರೆ, ಬಾಯಿಯ ಮೂಲಕ ಕರುಳಿಗೆ ಹೋದ ಬ್ಯಾಕ್ಟೀರಿಯಾದಿಂದ ಶ್ವಾಸಕೋಶದ ಸೋಂಕುಗಳೂ ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಇದಕ್ಕಿಂತ ಹೆಚ್ಚು ಶಿಶುಗಳನ್ನು ಸೇರಿಸಿಕೊಳ್ಳುವ ಯೋಜನೆಯಿತ್ತಾದರೂ, ಫಲ ಅಷ್ಟು ಸ್ಪಷ್ಟವಾಗಿ ಕಂಡದ್ದರಿಂದ ಪ್ರಯೋಗವನ್ನು ಮೊದಲೇ ನಿಲ್ಲಿಸಲಾಯಿತು. ಏಳು ದಿನದ ಪುಡಿಗೆ ತಗಲುವ ವೆಚ್ಚ ಒಂದು ಡಾಲರಿನ ಆಸುಪಾಸು ಎಂದು ಸಂಶೋಧಕರು ಹೇಳಿದರು. 2017ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಈ ಅಂಕಿಗಳನ್ನು ಓದುವಾಗ ಒಂದೆರಡು ಎಚ್ಚರಿಕೆಗಳು ಬೇಕು. ಎರಡೂ ಗುಂಪುಗಳಲ್ಲಿ ಸಾವುಗಳು ಬಹಳ ಕಡಿಮೆ ಇದ್ದುದರಿಂದ, ಇಲ್ಲಿ ಸಾಬೀತಾಗಿರುವುದು ಮುಖ್ಯವಾಗಿ ನಂಜಿನ ಇಳಿಕೆಯೇ ಹೊರತು ಸಾವಿನ ಇಳಿಕೆಯಲ್ಲ. ಪ್ರಯೋಗಕ್ಕೆ ಆರಿಸಿಕೊಂಡವು ಕನಿಷ್ಠ 2 ಕಿಲೋ ತೂಕವಿದ್ದ, ಗರ್ಭದಲ್ಲಿ 35 ವಾರಗಳನ್ನಾದರೂ ಕಳೆದಿದ್ದ, ತಾಯಿಯ ಹಾಲು ಕುಡಿಯುತ್ತಿದ್ದ, ಹುಟ್ಟುವಾಗ ಕಾಯಿಲೆಯ ಲಕ್ಷಣಗಳಿಲ್ಲದ ಶಿಶುಗಳು. ಅವಧಿಗೆ ಬಹಳ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿರುವ ಒಂದು ಕಿಲೋ ತೂಕದ ಮಗುವಿಗೆ ಈ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ನಂಜು ಎಂದಾಕ್ಷಣ ನಮ್ಮ ಹಳ್ಳಿಗಳಲ್ಲಿ ಗಾಯ ಕೀವಾದದ್ದೂ ನೆನಪಾಗುತ್ತದೆ, ಹಾವಿನ ವಿಷವೂ ನೆನಪಾಗುತ್ತದೆ. ವೈದ್ಯರು ನವಜಾತ ಶಿಶುವಿನ ನಂಜು ಎನ್ನುವುದು ರಕ್ತಕ್ಕೆ ಸೋಂಕು ಹರಡಿ ಇಡೀ ದೇಹ ಕುಸಿಯುವ ಸ್ಥಿತಿಯನ್ನು. ಮಗು ಹಾಲು ಕುಡಿಯುವುದನ್ನು ಬಿಡುತ್ತದೆ, ಮೈ ತಣ್ಣಗಾಗುತ್ತದೆ ಅಥವಾ ಕೆಂಡದಂತೆ ಸುಡುತ್ತದೆ, ಉಸಿರಾಟ ಜೋರಾಗುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ತೀವ್ರ ನಿಗಾ ಘಟಕಗಳಿಗೆ ದಾಖಲಾದ 13,530 ಶಿಶುಗಳಲ್ಲಿ 14.3%ಕ್ಕೆ ನಂಜು ತಗುಲಿತ್ತು. ಅವುಗಳಲ್ಲಿ ಮೂರನೇ ಎರಡರಷ್ಟು ಪ್ರಕರಣಗಳು ಹುಟ್ಟಿದ ಮೂರು ದಿನಗಳೊಳಗೇ ಕಾಣಿಸಿಕೊಂಡಿದ್ದವು. ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೊಲೈ ಇವೇ ಮುಖ್ಯ ಕಾರಣಗಳಾಗಿದ್ದು, ಅನೇಕ ಆ್ಯಂಟಿಬಯಾಟಿಕ್‌ಗಳಿಗೆ ಅವು ಬಗ್ಗುತ್ತಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಖಚಿತವಾಗಿ ಕಂಡ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ಉಳಿಯಲಿಲ್ಲ. ಔಷಧಗಳು ಒಂದೊಂದಾಗಿ ಕೈಕೊಡುತ್ತಿರುವ ಈ ಹೊತ್ತಿನಲ್ಲಿ ನಂಜನ್ನು ಮೊದಲೇ ತಡೆಯುವ ಅಗ್ಗದ ಉಪಾಯವೊಂದು ಕಂಡರೆ ಅದರ ಬೆಲೆ ಎಷ್ಟೆಂಬುದನ್ನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದ ಯಾವ ದಾದಿಯನ್ನು ಕೇಳಿದರೂ ಹೇಳಿಯಾರು.

ಉಪಕಾರಿ ಬ್ಯಾಕ್ಟೀರಿಯಾಗಳು ಸೋಂಕನ್ನು ತಡೆಯುವುದು ಹೇಗೆ ಎಂಬುದಕ್ಕೆ ನಮ್ಮ ಮನೆಗಳಲ್ಲಿಯೇ ಒಂದು ಉದಾಹರಣೆಯಿದೆ. ಹುಟ್ಟಿದ ಮಗುವಿನ ನಾಲಿಗೆಗೆ ಜೇನುತುಪ್ಪ ಸವರುವ ರೂಢಿ ಇನ್ನೂ ಹೋಗಿಲ್ಲ. ಜೇನಿನಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಮ್ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಅದೇ ಜೇನನ್ನು ಅಜ್ಜಿ ತಿಂದರೆ ಏನೂ ಆಗುವುದಿಲ್ಲ. ಆಕೆಯ ಕರುಳಿನಲ್ಲಿ ಆಗಲೇ ನೆಲೆಯೂರಿರುವ ಸೂಕ್ಷ್ಮಜೀವಿಗಳು ಆ ಬೀಜಾಣು ಮೊಳೆಯಲು ಎಡೆಗೊಡುವುದಿಲ್ಲ. ಮೊಮ್ಮಗುವಿನ ಕರುಳಿನಲ್ಲಿ ಅಂಥ ಕಾವಲಿನ್ನೂ ಬಲಿತಿರುವುದಿಲ್ಲವಾದ್ದರಿಂದ ಬೀಜಾಣು ಮೊಳೆತು ವಿಷ ಸೂಸಿ ಸ್ನಾಯುಗಳನ್ನು ಸಡಿಲಗೊಳಿಸಬಲ್ಲದು. 1976ರಲ್ಲಿ ವೈದ್ಯರು ಗುರುತಿಸಿದ ಈ ಕಾಯಿಲೆಯ ಕಾರಣದಿಂದಲೇ ವರ್ಷ ತುಂಬುವವರೆಗೆ ಮಗುವಿಗೆ ಜೇನು ಬೇಡ ಎನ್ನುವುದು. ಜಾಗವನ್ನು ಮೊದಲೇ ಹಿಡಿದಿರುವುದು, ಪರರಿಗೆ ಆಹಾರ ಸಿಗದಂತೆ ಮಾಡುವುದು, ಲ್ಯಾಕ್ಟಿಕ್ ಆಮ್ಲವನ್ನು ಸುರಿಸಿ ಸುತ್ತಲಿನ ಪರಿಸರವನ್ನು ಹುಳಿಯಾಗಿಸುವುದು ಉಪಕಾರಿ ಬ್ಯಾಕ್ಟೀರಿಯಾಗಳ ಒಂದು ಬಗೆಯ ಕೆಲಸ. ಇನ್ನೊಂದು ಬಗೆ ಇದಕ್ಕಿಂತ ಸೂಕ್ಷ್ಮವಾದುದು. ಕರುಳಿನ ಗೋಡೆಯಲ್ಲಿ ದೇಹದ ಪ್ರತಿರಕ್ಷಣಾ ಜೀವಕೋಶಗಳ ದೊಡ್ಡ ಪಾಲು ಠಿಕಾಣಿ ಹೂಡಿರುತ್ತದೆ. ಬ್ಯಾಕ್ಟೀರಿಯಾಗಳ ತುಣುಕುಗಳನ್ನು ಗುರುತಿಸಿ ಯಾರು ಮಿತ್ರರು, ಯಾರು ಶತ್ರುಗಳು ಎಂಬುದನ್ನು ಅವು ಅಲ್ಲಿಯೇ ಕಲಿಯುತ್ತವೆ. ಕರುಳಿನ ಲೋಳೆಗೆ ಸುರಿಯುವ ಐಜಿಎ ಎಂಬ ಪ್ರತಿಕಾಯದ ಉತ್ಪಾದನೆ, ನಾರನ್ನು ಹುದುಗಿಸಿ ಬ್ಯಾಕ್ಟೀರಿಯಾಗಳು ತಯಾರಿಸುವ ಬ್ಯುಟಿರೇಟ್‌ನಂಥ ಆಮ್ಲಗಳಿಂದ ಕರುಳಿನ ಗೋಡೆ ಬಿಗಿಯಾಗುವುದು, ಇವೆಲ್ಲ ಈ ಸಹವಾಸದ ಫಲಗಳು. ಕರುಳಿನ ಬ್ಯಾಕ್ಟೀರಿಯಾ ಶ್ವಾಸಕೋಶದ ಸೋಂಕನ್ನೂ ತಗ್ಗಿಸಿದ್ದು ಹೇಗೆ ಎಂಬುದಕ್ಕೆ ವಿವರಣೆಯನ್ನು ಹುಡುಕಬೇಕಾದದ್ದು ಈ ಎರಡನೆಯ ಬಗೆಯಲ್ಲಿಯೇ.

ಇದೇ ತತ್ವಕ್ಕೆ ದೊಡ್ಡವರಲ್ಲಿ ಸಿಕ್ಕಿರುವ ಬಲವಾದ ಸಾಕ್ಷ್ಯ ಕೇಳಲು ಅಷ್ಟು ಹಿತವಾದದ್ದಲ್ಲ. ಆ್ಯಂಟಿಬಯಾಟಿಕ್ ಸೇವನೆಯಿಂದ ಕರುಳು ಬರಿದಾದಾಗ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ತಲೆಯೆತ್ತಿ ಮರಳಿ ಮರಳಿ ಭೇದಿಯನ್ನುಂಟುಮಾಡುತ್ತದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರೋಗ್ಯವಂತರ ಮಲದ ದ್ರಾವಣವನ್ನು ನಳಿಕೆಯ ಮೂಲಕ ಒಮ್ಮೆ ಪಡೆದ 16 ರೋಗಿಗಳಲ್ಲಿ 13 ಮಂದಿ ಗುಣಮುಖರಾದರು. ವ್ಯಾಂಕೋಮೈಸಿನ್ ಔಷಧವನ್ನಷ್ಟೇ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ಮೂಗು ಮುರಿಯುವವರು ಮುರಿಯಲಿ, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾವನ್ನು ಹಿಮ್ಮೆಟ್ಟಿಸಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಸಿಗುವುದು ಕಷ್ಟ.

ಹೀಗೆ ಹೇಳಿದ ಮಾತ್ರಕ್ಕೆ ಯಾವ ಬ್ಯಾಕ್ಟೀರಿಯಾ ಕೊಟ್ಟರೂ ನಡೆಯುತ್ತದೆ ಎಂದಲ್ಲ. ತಮ್ಮ ಲೇಖನ ಎಡವಿರುವುದು ಇಲ್ಲಿಯೇ. ಸೂಕ್ಷ್ಮಜೀವಿಗಳಲ್ಲಿ ಕುಲ, ಪ್ರಭೇದ, ತಳಿ ಎಂಬ ಮೂರು ಹಂತಗಳಿವೆ. ಇ. ಕೊಲೈ ಪ್ರಭೇದದ ಒಂದು ತಳಿಯನ್ನು, ಸುತ್ತಲಿನವರಿಗೆಲ್ಲ ಭೇದಿಯಾದಾಗಲೂ ತಾನು ಗಟ್ಟಿಯಾಗಿದ್ದ ಸೈನಿಕನೊಬ್ಬನ ಮಲದಿಂದ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ 1917ರಲ್ಲಿ ಬೇರ್ಪಡಿಸಿದರು. ಅದನ್ನು ಇಂದಿಗೂ ಔಷಧವಾಗಿ ಬಳಸುತ್ತಾರೆ. ಅದೇ ಪ್ರಭೇದದ ಓ157 ಎಂಬ ಇನ್ನೊಂದು ತಳಿ ರಕ್ತಭೇದಿಯನ್ನು ಉಂಟುಮಾಡಿ ಮಕ್ಕಳ ಮೂತ್ರಪಿಂಡವನ್ನು ಕೆಡಿಸುತ್ತದೆ. ಒಡಿಶಾದಲ್ಲಿ ಬಳಸಿದ್ದು ಯಾವುದೋ ಒಂದು ಪ್ಲಾಂಟಾರಮ್ ಅಲ್ಲ, ಎಟಿಸಿಸಿ 202195 ಎಂಬ ಸಂಖ್ಯೆಯ ತಳಿ. ಅದರ ಪ್ರಮಾಣ ದಿನಕ್ಕೆ 100 ಕೋಟಿ ಜೀವಾಣುಗಳು, ಜೊತೆಗೆ 150 ಮಿಲಿಗ್ರಾಂ ಫ್ರಕ್ಟೋ ಆಲಿಗೋಸ್ಯಾಕರೈಡ್ ಎಂಬ ಸಕ್ಕರೆ. ಈ ತಳಿಯನ್ನು ಕಣ್ಣುಮುಚ್ಚಿ ಆರಿಸಿದ್ದಲ್ಲ. ಏಳು ದಿನ ಕೊಟ್ಟು ನಿಲ್ಲಿಸಿದ ಮೇಲೂ ಅದು ತಿಂಗಳುಗಟ್ಟಲೆ ಮಗುವಿನ ಕರುಳಿನಲ್ಲಿ ನೆಲೆ ನಿಲ್ಲುತ್ತದೆ ಎಂಬುದನ್ನು ಅದೇ ತಂಡ ಸಣ್ಣ ಅಧ್ಯಯನವೊಂದರಲ್ಲಿ ಮೊದಲೇ ತೋರಿಸಿ 2008ರಲ್ಲಿ ಪ್ರಕಟಿಸಿತ್ತು. ಕೊಟ್ಟಷ್ಟು ದಿನ ಇದ್ದು, ನಿಲ್ಲಿಸಿದ ಕೂಡಲೇ ಹೊರಟುಹೋಗುವ ತಳಿಗಳೇ ಹೆಚ್ಚು ಎಂಬುದನ್ನು ನೆನಪಿಟ್ಟುಕೊಂಡರೆ ಆ ಪೂರ್ವಸಿದ್ಧತೆಯ ಮಹತ್ವ ತಿಳಿಯುತ್ತದೆ.

ಬೇರೆ ತಳಿಗಳ ಕಥೆ ಹೀಗಿಲ್ಲ. ಇಂಗ್ಲೆಂಡಿನಲ್ಲಿ 23ರಿಂದ 30 ವಾರಗಳಲ್ಲಿ ಹುಟ್ಟಿದ 1,315 ಶಿಶುಗಳಿಗೆ ಬಿಫಿಡೋಬ್ಯಾಕ್ಟೀರಿಯಮ್ ಬ್ರೀವೆಯ ಒಂದು ತಳಿಯನ್ನು ಕೊಟ್ಟು ನೋಡಿದಾಗ, ನಂಜಿನಲ್ಲಾಗಲಿ ಕರುಳು ಕೊಳೆಯುವ ಕಾಯಿಲೆಯಲ್ಲಾಗಲಿ ಯಾವ ಇಳಿಕೆಯೂ ಕಾಣಲಿಲ್ಲ. 2016ರಲ್ಲಿ ಪ್ರಕಟವಾದ ಈ ಪ್ರಯೋಗ ತಜ್ಞರ ಉತ್ಸಾಹಕ್ಕೆ ತಣ್ಣೀರೆರಚಿತು. ಅದಕ್ಕೆ ಮೂರು ವರ್ಷ ಮೊದಲು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಮೂರು ಬ್ಯಾಕ್ಟೀರಿಯಾಗಳ ಮಿಶ್ರಣವೊಂದು ಕರುಳು ಕೊಳೆಯುವ ಕಾಯಿಲೆಯನ್ನು 4.4%ದಿಂದ 2%ಕ್ಕೆ ಇಳಿಸಿತ್ತಾದರೂ ನಂಜಿನ ಮೇಲೆ ಪರಿಣಾಮ ಬೀರಿರಲಿಲ್ಲ. ಭೇದಿಯಾದ ಮಕ್ಕಳಿಗೆ ಪ್ರೊಬಯಾಟಿಕ್ (ಉಪಕಾರಿ ಎಂದು ಕೊಡುವ ಜೀವಂತ ಬ್ಯಾಕ್ಟೀರಿಯಾ) ಕೊಟ್ಟು ಅಮೆರಿಕದಲ್ಲಿ 971, ಕೆನಡಾದಲ್ಲಿ 886 ಮಕ್ಕಳ ಮೇಲೆ ನಡೆದ ಎರಡು ಪ್ರಯೋಗಗಳು 2018ರಲ್ಲಿ ಒಟ್ಟಿಗೆ ಪ್ರಕಟವಾದವು. ಎರಡರಲ್ಲೂ ಹುಸಿ ಪುಡಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಆದರೂ ನಮ್ಮಲ್ಲಿ ಮಗುವಿಗೆ ನಾಲ್ಕು ಸಲ ಭೇದಿಯಾಯಿತೆಂದರೆ ಔಷಧ ಚೀಟಿಯಲ್ಲಿ ಪ್ರೊಬಯಾಟಿಕ್‌ನ ಪುಟ್ಟ ಪ್ಲಾಸ್ಟಿಕ್ ಸೀಸೆ ಮೊದಲ ಸಾಲಿನಲ್ಲಿರುತ್ತದೆ, ಜೀವ ಉಳಿಸುವ ಓಆರ್‌ಎಸ್ ಮತ್ತು 14 ದಿನಗಳ ಸತುವಿನ ಮಾತ್ರೆ ಕೊನೆಯ ಸಾಲಿನಲ್ಲಿರುತ್ತವೆ, ಕೆಲವೊಮ್ಮೆ ಇರುವುದೇ ಇಲ್ಲ.

ಉಪಯೋಗವಾಗದಿದ್ದರೆ ಬೇಡ, ಅಪಾಯವಂತೂ ಇಲ್ಲವಲ್ಲ ಎನ್ನುವವರಿಗೂ ಒಂದು ಮಾತು. ನೆದರ್ಲೆಂಡ್ಸ್‌ನಲ್ಲಿಯೇ, ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಿಂದ ಬಳಲುತ್ತಿದ್ದ 298 ರೋಗಿಗಳಲ್ಲಿ ಸೋಂಕನ್ನು ತಡೆಯಲೆಂದು ಆರು ತಳಿಗಳ ಮಿಶ್ರಣವನ್ನು ಕೊಟ್ಟು ನೋಡಿದರು. ಸೋಂಕು ಕಡಿಮೆಯಾಗಲಿಲ್ಲ, ಬ್ಯಾಕ್ಟೀರಿಯಾ ಪಡೆದವರಲ್ಲಿ 16% ಮಂದಿ ಸತ್ತರು, ಪಡೆಯದವರಲ್ಲಿ 6%. 2008ರಲ್ಲಿ ಈ ವರದಿ ಹೊರಬಿದ್ದಾಗ ತರಗತಿಯಲ್ಲಿ ಪ್ರೊಬಯಾಟಿಕ್ ಪಾಠವನ್ನು ಹೇಳುವ ನನ್ನ ರೀತಿಯೇ ಬದಲಾಯಿತು. ಇನ್ನು 2023ರಲ್ಲಿ ಅಮೆರಿಕದಲ್ಲಿ, ಅವಧಿಗೆ ಮೊದಲು ಹುಟ್ಟಿದ ಮಗುವೊಂದು ಆಸ್ಪತ್ರೆಯಲ್ಲಿ ತನಗೆ ಕೊಟ್ಟ ಪ್ರೊಬಯಾಟಿಕ್‌ನ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರಿ ಸಾವಿಗೀಡಾಯಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಆಸ್ಪತ್ರೆಗಳಿಗೆಲ್ಲ ಎಚ್ಚರಿಕೆಯ ಪತ್ರ ಕಳಿಸಿತು. ಅದಕ್ಕೆ ಒಂದು ವರ್ಷ ಮೊದಲು ವಿಶ್ವ ಆರೋಗ್ಯ ಸಂಸ್ಥೆ 2022ರ ತನ್ನ ಮಾರ್ಗಸೂಚಿಯಲ್ಲಿ, 32 ವಾರಗಳಿಗೂ ಮೊದಲು ಹುಟ್ಟಿ ತಾಯಿಹಾಲು ಪಡೆಯುತ್ತಿರುವ ಶಿಶುಗಳಿಗೆ ಪ್ರೊಬಯಾಟಿಕ್ ಕೊಡುವುದನ್ನು ಪರಿಶೀಲಿಸಬಹುದು ಎಂದಷ್ಟೇ ಹೇಳಿದೆ. ತಜ್ಞರೇ ಹೀಗೆ ತೂಗಿ ನೋಡುತ್ತಿರುವ ನಿರ್ಧಾರವನ್ನು ಪುರವಣಿ ಓದಿದ ತಂದೆತಾಯಿಯರು ಮನೆಯಲ್ಲಿ ಕೈಗೊಳ್ಳುವಂತಾಗಬಾರದು. ಅವಧಿಗೆ ಮೊದಲು ಹುಟ್ಟಿದ ಮಗು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ರಕ್ತನಾಳದಲ್ಲಿ ನಳಿಕೆ ಇರುವವರು, ಇವರಿಗೆ ವೈದ್ಯರನ್ನು ಕೇಳದೆ ಯಾವ ಜೀವಂತ ಬ್ಯಾಕ್ಟೀರಿಯಾವನ್ನೂ ಕೊಡಕೂಡದು.

ಲಾಭ ಕಂಡಿರುವ ಕಡೆಗಳೂ ಇವೆ, ಅವನ್ನು ಮುಚ್ಚಿಡುವುದು ನ್ಯಾಯವಲ್ಲ. ಆ್ಯಂಟಿಬಯಾಟಿಕ್ ಸೇವಿಸುವ ಮಕ್ಕಳಲ್ಲಿ ಅದರಿಂದಾಗುವ ಭೇದಿ ಪ್ರೊಬಯಾಟಿಕ್‌ನಿಂದ 19%ದಿಂದ 8%ಕ್ಕೆ ಇಳಿಯುತ್ತದೆ ಎಂದು ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದ, ಕೊಕ್ರೇನ್ ಎಂಬ ಸಂಶೋಧಕರ ಜಾಲದ ಪರಿಶೀಲನೆ ಹೇಳುತ್ತದೆ. ಕೋಲ್ಕತ್ತದ ಕೊಳೆಗೇರಿಯೊಂದರಲ್ಲಿ ಒಂದರಿಂದ ಐದು ವರ್ಷದ 3,758 ಮಕ್ಕಳಿಗೆ 12 ವಾರ ಕಾಲ ಹುದುಗಿಸಿದ ಹಾಲಿನ ಪಾನೀಯ ಕೊಟ್ಟಾಗ ಭೇದಿ 14% ಕಡಿಮೆಯಾಯಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಆ ಪಾನೀಯದ ಕಂಪನಿಯೇ ಹಣ ಕೊಟ್ಟಿತ್ತೆಂಬುದನ್ನು ಓದುಗರು ತಿಳಿದಿರುವುದು ಒಳ್ಳೆಯದು. 14% ಸುಳ್ಳಲ್ಲ. ಆದರೆ ದಿನಕ್ಕೊಂದು ಬಾಟಲಿ ಕೊಳ್ಳುವ ಹಣದಲ್ಲಿ ಅದೇ ಮನೆಗೆ ಸೋಪು ಮತ್ತು ಶುದ್ಧ ನೀರು ಎಷ್ಟು ದಿನ ಬರುತ್ತದೆ ಎಂಬ ಲೆಕ್ಕವನ್ನೂ ಯಾರಾದರೂ ಹಾಕಬೇಕು.

ಇನ್ನು ಮಾರುಕಟ್ಟೆಯ ವಿಚಾರ. ಈ ಪತ್ರ ಬರೆಯುವ ಮುನ್ನ ನಮ್ಮ ಬಡಾವಣೆಯ ಔಷಧ ಅಂಗಡಿಯಲ್ಲಿ ‘ಇಮ್ಯುನಿಟಿ’ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದ ಪುಡಿಯ ಪೊಟ್ಟಣವೊಂದನ್ನು ಕೈಗೆತ್ತಿಕೊಂಡು ಓದಿದೆ. ಮುಂಭಾಗದಲ್ಲಿ ಗುರಾಣಿ ಹಿಡಿದ ನಗುಮುಖದ ಮಗು. ಹಿಂಭಾಗದಲ್ಲಿ, ಭೂತಗನ್ನಡಿ ಬೇಕೆನಿಸುವಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ನಾಲ್ಕು ಪ್ರಭೇದಗಳ ಹೆಸರು. ಒಂದಕ್ಕೂ ತಳಿಯ ಸಂಖ್ಯೆಯಿಲ್ಲ. ಒಟ್ಟು ಜೀವಾಣುಗಳ ಸಂಖ್ಯೆ ಇತ್ತು, ಯಾವುದು ಎಷ್ಟೆಂಬುದು ಇರಲಿಲ್ಲ. ಆ ಸಂಖ್ಯೆ ತಯಾರಾದ ದಿನದ್ದೋ ಅವಧಿ ಮುಗಿಯುವ ದಿನದ್ದೋ ಎಂಬುದೂ ಇರಲಿಲ್ಲ. 25 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿಡಿ ಎಂಬ ಸೂಚನೆಯಿತ್ತು, ಪೊಟ್ಟಣಗಳ ಪೆಟ್ಟಿಗೆ ಮಾತ್ರ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಗಾಜಿನ ಕಪಾಟಿನ ಮೇಲಿತ್ತು. ‘ಔಷಧೀಯ ಬಳಕೆಗಲ್ಲ’ ಎಂಬ ಕಡ್ಡಾಯದ ಸಾಲು ಮಡಿಕೆಯ ಅಂಚಿನಲ್ಲಿ ಅಡಗಿ ಕುಳಿತಿತ್ತು.

ಜೀವಂತ ಬ್ಯಾಕ್ಟೀರಿಯಾ ಎಂದರೆ ಜೀವಂತವಾಗಿರಬೇಕು, ಸತ್ತದ್ದನ್ನು ಎಣಿಕೆಗೆ ಸೇರಿಸುವಂತಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಂದ ಇಂಥ ಪುಡಿಗಳನ್ನು ಹಂತ ಹಂತವಾಗಿ ತೆಳುಗೊಳಿಸಿ, ಎಂಆರ್‌ಎಸ್ ಅಗರ್ ಎಂಬ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳ ಮೇಲೆ ಹರಡಿಸಿ, 37 ಡಿಗ್ರಿಯಲ್ಲಿ ಎರಡು ದಿನ ಇಟ್ಟು ಮೂಡಿದ ಚುಕ್ಕೆಗಳನ್ನು ಎಣಿಸುವ ಅಭ್ಯಾಸ ಮಾಡಿಸುತ್ತಿದ್ದೆ. ಕೆಲವು ಪುಡಿಗಳ ತಟ್ಟೆಯಲ್ಲಿ ಎಣಿಸಲಾಗದಷ್ಟು ಕೆನೆಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಮೂಡುತ್ತಿದ್ದವು. ಕೆಲವು ತಟ್ಟೆಗಳು ಬಹುಮಟ್ಟಿಗೆ ಬರಿದಾಗಿಯೇ ಉಳಿಯುತ್ತಿದ್ದವು. ಅದು ಕಲಿಯುವವರ ಕೈಯ ಪ್ರಯೋಗವಾದ್ದರಿಂದ ಅದರ ಆಧಾರದಲ್ಲಿ ಯಾರ ಮೇಲೂ ದೂರು ಹೇಳಲಾರೆ. ಆದರೆ ಸರ್ಕಾರದ ಪ್ರಯೋಗಾಲಯಗಳು ಇದೇ ಪರೀಕ್ಷೆಯನ್ನು ಅಂಗಡಿಗಳಿಂದಲೇ ಮಾದರಿಗಳನ್ನು ಕೊಂಡು ಮಾಡಿ ಫಲಿತಾಂಶವನ್ನು ಪ್ರಕಟಿಸಲು ಏನಡ್ಡಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿಯೇ ಕುಲ, ಪ್ರಭೇದ, ತಳಿ ಮೂರನ್ನೂ, ಅವಧಿಯ ಕೊನೆಯಲ್ಲಿ ಉಳಿದಿರಬೇಕಾದ ಜೀವಾಣುಗಳ ಸಂಖ್ಯೆಯನ್ನೂ ಪೊಟ್ಟಣದ ಮೇಲೆ ನಮೂದಿಸಬೇಕೆಂದು ಮಾರ್ಗಸೂಚಿ ಹೊರಡಿಸಿವೆ. ಅದು ಪಾಲನೆಯಾಗುತ್ತಿದೆಯೇ ಎಂದು ನೋಡುವವರು ಬೇಕು. ಕನ್ನಡದಲ್ಲಿ ಜಾಹೀರಾತು ಕೊಡಲು ಬರುವ ಕಂಪನಿಗಳಿಗೆ ಈ ನಾಲ್ಕು ವಿವರಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸುವುದು ಭಾರವೇನೂ ಆಗಲಾರದು.

ಮೊಸರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮನೆಯವರೇ ನನ್ನನ್ನು ಬಿಡಲಿಕ್ಕಿಲ್ಲ. ಮನೆಯ ಮೊಸರು ಒಳ್ಳೆಯ ಆಹಾರ. ಅದರಲ್ಲಿ ಪ್ರೋಟೀನ್ ಇದೆ, ಕ್ಯಾಲ್ಸಿಯಂ ಇದೆ, ಹಾಲು ಒಗ್ಗದ ಅನೇಕರಿಗೂ ಅದು ಒಗ್ಗುತ್ತದೆ. ಆದರೆ ನಮ್ಮ ಹೆಪ್ಪಿನಲ್ಲಿ ಯಾವ ತಳಿಗಳಿವೆ, ಎಷ್ಟಿವೆ, ಜಠರದ ಆಮ್ಲವನ್ನು ದಾಟಿ ಎಷ್ಟು ಉಳಿಯುತ್ತವೆ ಎಂಬುದು ಮನೆಯಿಂದ ಮನೆಗೆ, ಬೇಸಿಗೆಯಿಂದ ಮಳೆಗಾಲಕ್ಕೆ ಬದಲಾಗುತ್ತದೆ. ಇಡ್ಲಿ, ದೋಸೆಯ ಹಿಟ್ಟನ್ನು ಹುಳಿ ಬರಿಸುವ ಲ್ಯೂಕೋನಾಸ್ಟಾಕ್ ಬ್ಯಾಕ್ಟೀರಿಯಾ ಹಬೆಯಲ್ಲಿ, ಕಾವಲಿಯ ಮೇಲೆ ಸತ್ತುಹೋಗುತ್ತದೆ. ಇಡ್ಲಿ ಸುಲಭವಾಗಿ ಅರಗುತ್ತದೆ ನಿಜ, ಅದನ್ನು ಜೀವಂತ ಬ್ಯಾಕ್ಟೀರಿಯಾದ ಮೂಲ ಎಂದು ಲೇಖನದಲ್ಲಿ ಬರೆದಿರುವುದು ಸರಿಯಲ್ಲ. ಊಟದ ಕೊನೆಗೆ ಮಜ್ಜಿಗೆ ಕುಡಿಯುವುದಕ್ಕೆ ವಿಜ್ಞಾನದ ಅಪ್ಪಣೆ ಬೇಕಿಲ್ಲ, ರುಚಿಯೇ ಸಾಕು.

ನವಜಾತ ಶಿಶುವಿನ ಮಟ್ಟಿಗೆ ಪರೀಕ್ಷೆಯಾಗಿ ಗೆದ್ದಿರುವ, ಅಂಗಡಿಯಲ್ಲಿ ಸಿಗದ ಒಂದು ಉಪಾಯ ಈಗಾಗಲೇ ನಮ್ಮ ಕೈಯಲ್ಲಿದೆ. ತಾಯಿಹಾಲಿನ ಘನಾಂಶಗಳಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಅತಿ ಹೆಚ್ಚು ಇರುವುದು ಮಗುವಿಗೆ ಅರಗಿಸಿಕೊಳ್ಳಲಾಗದ ವಿಶೇಷ ಸಕ್ಕರೆಗಳು. ಮಗುವಿಗೇ ಬೇಡದ ಸಕ್ಕರೆ ಹಾಲಿನಲ್ಲೇಕಿದೆ ಎಂದರೆ, ಅದು ಮಗುವಿನ ಕರುಳಿನ ಬಿಫಿಡೋಬ್ಯಾಕ್ಟೀರಿಯಾಗಳಿಗೆ ಮೀಸಲಾದ ಊಟ. ಮೊದಲ ದಿನಗಳ ಗಟ್ಟಿ ಹಳದಿ ಹಾಲಿನಲ್ಲಿ ಐಜಿಎ ಪ್ರತಿಕಾಯಗಳೂ ದಂಡಿಯಾಗಿರುತ್ತವೆ. ಹೀಗಿದ್ದೂ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಪಡೆದ ಮಕ್ಕಳು ದೇಶದಲ್ಲಿ ಸುಮಾರು 42% ಮಾತ್ರ. ಕರ್ನಾಟಕದಲ್ಲಿ ಅರ್ಧದ ಆಸುಪಾಸು. ಉಳಿದ ಮಕ್ಕಳಲ್ಲಿ ಅನೇಕರ ಬಾಯಿಗೆ ಮೊದಲು ಹೋಗುವುದು ಸಕ್ಕರೆ ನೀರು, ಜೇನು, ಹರಳೆಣ್ಣೆ, ತೇಯ್ದ ಬಜೆ ಅಥವಾ ಡಬ್ಬಿಯ ಹಾಲು. ಸಿಸೇರಿಯನ್ ಆದ ತಾಯಿಯ ಪಕ್ಕಕ್ಕೆ ಮಗುವನ್ನು ತರಲು ಗಂಟೆಗಟ್ಟಲೆ ತಡಮಾಡುವ ಹೆರಿಗೆ ವಾರ್ಡುಗಳು ಈ ವಿಚಾರದಲ್ಲಿ ಯಾವ ಪುಡಿಯ ಮೊರೆಯನ್ನೂ ಹೋಗಬೇಕಾಗಿಲ್ಲ, ತಮ್ಮ ರೂಢಿಯನ್ನು ಬದಲಿಸಿಕೊಂಡರೆ ಸಾಕು.

ಈಗ ನನ್ನ ಮುಖ್ಯ ಕೋರಿಕೆಗೆ ಬರುತ್ತೇನೆ. ಒಡಿಶಾದ ಫಲಿತಾಂಶ ಎಷ್ಟೇ ಆಶಾದಾಯಕವಾಗಿದ್ದರೂ, ಒಂದು ರಾಜ್ಯದ ಒಂದು ಪ್ರಯೋಗದ ಮೇಲೆ ಇಡೀ ನಾಡಿನ ಶಿಶುಗಳಿಗೆ ಪುಡಿ ಹಂಚುವುದು ದುಡುಕು. ಊರಿನ ನೀರು, ತಾಯಿಯ ಆಹಾರ, ಹೆರಿಗೆಯ ವಿಧಾನ, ಆ್ಯಂಟಿಬಯಾಟಿಕ್ ಬಳಕೆ ಬದಲಾದಂತೆ ಕರುಳಿನ ಸೂಕ್ಷ್ಮಜೀವಿಗಳೂ ಬದಲಾಗುತ್ತವೆ. ಸಿಸೇರಿಯನ್ ಹೆಚ್ಚಿರುವ ನಮ್ಮಲ್ಲಿ ಅದೇ ತಳಿ ಅಷ್ಟೇ ಕೆಲಸ ಮಾಡೀತೆಂದು ಹೇಳಲು ಬರುವುದಿಲ್ಲ. ಹಾಗೆಂದು ಆ ಫಲಿತಾಂಶವನ್ನು ಕಪಾಟಿನಲ್ಲಿಟ್ಟು ಕುಳಿತುಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ನಮ್ಮ ನೆಲದಲ್ಲಿ ಅದನ್ನು ಮತ್ತೆ ಪರೀಕ್ಷಿಸಬೇಕು, ಅದಕ್ಕೆ ಬೇಕಾದ ಅನುಭವವೂ ನಮ್ಮಲ್ಲಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಗರ್ಭಿಣಿಯರನ್ನು ಒಳಗೊಂಡು, ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆಯ ಪ್ರಯೋಗ ನಡೆಸಿದ್ದರು. ಮಾತ್ರೆಯನ್ನು ಕೊಟ್ಟವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಹಳ್ಳಿಗಳ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳು. ರಕ್ತಸ್ರಾವ 12%ದಿಂದ 6.4%ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಳ್ಳಿಯ ಪ್ರಯೋಗವೊಂದು ಜಗತ್ತಿನ ನೀತಿಯನ್ನು ತಿದ್ದಿದ ಈ ಸಂಗತಿ ಪಕ್ಕದ ಜಿಲ್ಲೆಯವರಾದ ನಮಗೇ ಸರಿಯಾಗಿ ತಿಳಿದಿಲ್ಲ.

ಅಂಥದೇ ಪ್ರಯೋಗವನ್ನು ರಾಜ್ಯದ ಆರೋಗ್ಯ ಇಲಾಖೆ ವೈದ್ಯಕೀಯ ಕಾಲೇಜುಗಳ ಜೊತೆ ಸೇರಿ ಕಲ್ಯಾಣ ಕರ್ನಾಟಕದ ಒಂದೆರಡು ಜಿಲ್ಲೆಗಳಲ್ಲಿಯೂ ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿಯೂ ಕೈಗೆತ್ತಿಕೊಳ್ಳಬಹುದು. ಆಶಾ ಕಾರ್ಯಕರ್ತೆಯರು ಈಗಾಗಲೇ ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನಗಳಂದು ಬಾಣಂತಿಯ ಮನೆಗೆ ಹೋಗಿ ಮಗುವಿನ ತೂಕ, ಉಷ್ಣತೆ, ಹೊಕ್ಕುಳನ್ನು ನೋಡಿ ಬರೆದುಕೊಳ್ಳುತ್ತಾರೆ. ಪುಡಿ ಕೊಡಲು ಆರಂಭಿಸುವ ದಿನಕ್ಕೂ ನಂಜಿನ ಲಕ್ಷಣಗಳನ್ನು ಗುರುತಿಸುವುದಕ್ಕೂ ಈ ಭೇಟಿಗಳು ಹೊಂದಿಕೊಳ್ಳುತ್ತವೆ. ಆದರೆ ನಡುವಿನ ದಿನಗಳ ಭೇಟಿಯನ್ನೂ ಅವರ ಮೇಲೆ ಹೇರುವುದಾದರೆ ಅದಕ್ಕೆ ತಕ್ಕ ಗೌರವಧನವನ್ನು ಮೊದಲೇ ನಿಗದಿಪಡಿಸಬೇಕು; ಬಾಕಿ ಹಣಕ್ಕಾಗಿ ಅವರು ಬೆಂಗಳೂರಿನ ಬೀದಿಯಲ್ಲಿ ಕೂರಬೇಕಾದ ಪರಿಸ್ಥಿತಿ ಮತ್ತೆ ಬರಬಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಂಥ ಜಿಲ್ಲೆಗಳಲ್ಲಿ ಪುಡಿಯ ಜೀವಾಣುಗಳು ಸಾಯದಂತೆ, ಲಸಿಕೆಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇರುವ ಶೀತಲ ಪೆಟ್ಟಿಗೆಗಳಲ್ಲಿ ಅದಕ್ಕೂ ಜಾಗವಿರಬೇಕು, ತಿಂಗಳಿಗೊಮ್ಮೆ ಮಾದರಿಗಳನ್ನು ಎಣಿಕೆಗೆ ಕಳಿಸಬೇಕು. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಿರುವ, ಆಹಾರ ತಂತ್ರಜ್ಞಾನದ ಸಂಶೋಧನೆ ನಡೆಸುವ ಮೈಸೂರಿನ ಸಿಎಫ್‌ಟಿಆರ್‌ಐಯಂಥ ಸಂಸ್ಥೆಗೆ ಆ ಹೊಣೆಯನ್ನು ಒಪ್ಪಿಸಬಹುದು. ಹಣ ಸರ್ಕಾರದ್ದಿರಬೇಕು, ಪುಡಿ ಮಾರುವವರದ್ದಲ್ಲ. ಪ್ರಯೋಗವನ್ನು ಮೊದಲ ಮಗು ಸೇರುವ ಮುನ್ನವೇ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ದಾಖಲಿಸಿ, ತಾಯಂದಿರಿಗೆ ಒಪ್ಪಿಗೆ ಪತ್ರವನ್ನು ಅವರ ಆಡುಮಾತಿನಲ್ಲಿ ಓದಿ ಹೇಳಿ, ಫಲಿತಾಂಶ ಪರವಾಗಿ ಬಂದರೂ ವಿರುದ್ಧವಾಗಿ ಬಂದರೂ ಅದನ್ನು ಕನ್ನಡದಲ್ಲಿಯೂ ಪ್ರಕಟಿಸಬೇಕೆಂದು ಆರೋಗ್ಯ ಸಚಿವರನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸೂಕ್ಷ್ಮಜೀವಶಾಸ್ತ್ರ ಉಪನ್ಯಾಸಕಿ,
ಧಾರವಾಡ